ಎಡಗಡೆಯ ಪಿಸ್ಟನ್

ಎಡಗಡೆಯ ಪಿಸ್ಟನ್ ಮಾತ್ರ ಸುಟ್ಟಿತ್ತು. ಬಲಗಡೆಯದು ಹೊಸದರಷ್ಟೇ ನುಣುಪಾಗಿತ್ತು. ಜನವರಿಯ ಮೊದಲ ವಾರದಲ್ಲೇ, ಶೆಡ್ಡಿನ ಒಲೆಯ ಪಕ್ಕ ಮೊಣಕಾಲೂರಿ ಕೂತು, ನಾನು ಇದನ್ನು ಕಣ್ಣಾರೆ ನೋಡಿದ್ದೆ. ನೋಡಿಯೂ ಬೇರೆಯದನ್ನೇ ಹೇಳಿದೆ.

ಗಾಡಿ ನನ್ನ ಸೋದರಮಾವ ಯೋವ್ನಾನದು. ಇಪ್ಪತ್ತೆಂಟು ವರ್ಷ ಹಳೆಯ ಹಿಮಗಾಡಿ. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಒಂದೊಂದಕ್ಕೂ ಬೇರೆ ಬೇರೆ ಕಾರ್ಬೊರೇಟರ್. ಇಂಥ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು, ಇಪ್ಪತ್ತು ಲೀಟರಿಗೆ ಅರ್ಧ ಲೀಟರ್. ನಾರ್ವೆಯ ಉತ್ತರ ತುದಿಯ ನಮ್ಮ ಕೌಟೊಕೈನೊ ಬಯಲಿನಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲು ಈ ಲೆಕ್ಕ ಬರುತ್ತದೆ. ಎಣ್ಣೆ ಮರೆತವನ ಎಂಜಿನ್ ನಾಲ್ಕಾರು ಕಿಲೋಮೀಟರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮರೆತವನನ್ನು ಜನ ಬಹಳ ವರ್ಷ ಮರೆಯುವುದಿಲ್ಲ.

ಆ ದಿನ ಗುಡ್ಡದ ಏರಿನಲ್ಲಿ ನಿಂತುಹೋದ ಗಾಡಿಯನ್ನು ಮಾಹ್ತೆ ತನ್ನ ಗಾಡಿಗೆ ಕಟ್ಟಿ ಎಳೆದು ತಂದಿದ್ದ. ಮಾಹ್ತೆ ಪಕ್ಕದ ಮನೆಯವನು. ಒಟ್ಟಿಗೆ ಹಿಮಸಾರಂಗ ಕಾಯುವ ನಮ್ಮ ನಾಲ್ಕು ಮನೆಗಳ ಕೂಟದಲ್ಲಿ ಎಲ್ಲರಿಗಿಂತ ಜೋರಾಗಿ ಗಾಡಿ ಓಡಿಸುವವನು, ಎಲ್ಲರಿಗಿಂತ ಜೋರಾಗಿ ಮಾತಾಡುವವನೂ ಹೌದು. ಕೂಟದ ಹಿರಿಯ ಆಂದರಸನೂ ಬಂದು ಬಾಗಿಲಲ್ಲಿ ನಿಂತಿದ್ದ. ಮಾವ ಮಾತ್ರ ಒಳಗೆ ಬರಲಿಲ್ಲ. ಹೊರಗೆ ನಾಯಿಯ ಹತ್ತಿರ ಏನೋ ಮಾತಾಡುತ್ತಿದ್ದ.

"ಏನ್ ಡಾಕ್ಟ್ರಮ್ಮ, ಪೇಷಂಟು ಉಳಿಯುತ್ತಾ?" ಎಂದ ಮಾಹ್ತೆ. ನಾನು ಟ್ರೊಮ್ಸೊ ನಗರದಲ್ಲಿ ಆರು ವರ್ಷ ಓದಿದ್ದು ಇತಿಹಾಸ. ಅವನಿಗೆ ಎಲ್ಲ ಓದೂ ಒಂದೇ.

"ಪಿಸ್ಟನ್ ಹೋಗಿದೆ" ಎಂದು ಗೀರುಬಿದ್ದ ಎಡಗಡೆಯ ಪಿಸ್ಟನ್ನನ್ನು ಎತ್ತಿ ತೋರಿಸಿದೆ.

"ಅದು ನಮ್ಮಜ್ಜಿಗೂ ಕಾಣುತ್ತೆ ರಿಸ್ತೆನ್. ಯಾಕೆ ಹೋಯ್ತು ಅಂತ ಹೇಳು."

ಎಣ್ಣೆ ಇಲ್ಲದಿದ್ದರೆ ಎರಡೂ ಸುಡಬೇಕು. ಒಂದೇ ಸುಟ್ಟಿದೆಯೆಂದರೆ ಆ ಕಡೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಪೆಟ್ರೋಲು ಸಾಲದೆ ಉರಿ ಮಿತಿಮೀರಿ ಕಾಯುತ್ತಿದೆ. ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ಇದನ್ನು ಕಲಿಸಿದವನು ಮಾವನೇ. ಗಾಳಿ ಎಲ್ಲಿಂದ ಹೋಗಬಹುದೆಂಬುದೂ ಆ ಕ್ಷಣ ನನ್ನ ಮನಸ್ಸಿಗೆ ಬಂತು. ಏಕೆಂದರೆ ಸೆಪ್ಟೆಂಬರಿನಲ್ಲಿ ಈ ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿದವಳು ನಾನು. ಓದು ನನ್ನನ್ನು ಕೆಲಸಕ್ಕೆ ಬಾರದವಳನ್ನಾಗಿ ಮಾಡಿಲ್ಲ ಎಂದು ಊರಿಗೆ ತೋರಿಸಬೇಕಿತ್ತು. ಎಡಗಡೆಯ ಕಾರ್ಬೊರೇಟರನ್ನು ಎಂಜಿನ್ನಿಗೆ ಕೂಡಿಸುವ ರಬ್ಬರ್ ಕೊರಳಿನ ಅಡಿಯಲ್ಲಿ ಉಗುರಿನಷ್ಟುದ್ದದ ಬಿರುಕು ಕಂಡಿತ್ತು. ಹೊಸದನ್ನು ತರಿಸಲು ಎರಡು ವಾರ ಬೇಕು. ಮೊದಲ ಹಿಮಕ್ಕೆ ಗಾಡಿ ತಯಾರು ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಬಿರುಕಿಗೆ ಅಂಟು ಬಳಿದೆ. ಒಣಗಿದ ಮೇಲೆ ಎಳೆದು ನೋಡಿದೆ. ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ.

ಮಾಹ್ತೆ ಕೇಳುವುದಕ್ಕೆ ಮೊದಲೇ ಆ ರಬ್ಬರನ್ನು ಕಳಚಿ ಬೆಳಕಿಗೆ ಹಿಡಿದು, ಬಗ್ಗಿಸಿ, ಬೆರಳಾಡಿಸಿ ನೋಡಿದ್ದೆ. ಮುಚ್ಚಿಕೊಂಡಿತ್ತು. ಆದ್ದರಿಂದ ಕಾರಣ ಅದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಲಗಡೆಯ ಸಿಲಿಂಡರಿನ ಮೇಲೆ ಒಂದು ಬಟ್ಟೆ ಹೊದಿಸಿದ್ದೆ. ಧೂಳು ಬೀಳದಿರಲಿ ಎಂದಿರಬಹುದು. ಇರಬಹುದು ಎನ್ನುತ್ತೇನೆ, ಅಷ್ಟೆ.

"ಎಣ್ಣೆ ಬಿದ್ದಿಲ್ಲ ಅನ್ಸುತ್ತೆ" ಎಂದೆ.

ಮಾಹ್ತೆ ಸಿಳ್ಳೆ ಹಾಕಿದ. ಆಂದರಸ ಒಂದು ಹೆಜ್ಜೆ ಒಳಗೆ ಬಂದ. "ಯಾರು, ಯೋವ್ನಾನಾ? ಎಣ್ಣೆ ಮರೆತನಾ?"

"ಎಪ್ಪತ್ತೊಂದಾಯ್ತಲ್ಲ ಆಂದರಸಣ್ಣ" ಎಂದ ಮಾಹ್ತೆ. "ನಮ್ಮಪ್ಪ ಅರವತ್ತಕ್ಕೇ ನನ್ನನ್ನ ನಾಯಿ ಹೆಸರಲ್ಲಿ ಕರೀತಿದ್ರು. ನಾಯಿನ ನನ್ನ ಹೆಸರಲ್ಲಿ ಕರೀತಿದ್ರು. ನಾಯಿಗೇ ಬೇಜಾರಾಗ್ತಿತ್ತು."

ಹೊರಗೆ ಮಾವನ ಮಾತು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ತಿಳಿಯದು.

ಇಪ್ಪತ್ತೆರಡು ವಸಂತಗಳಿಂದ ಮಾವ ಹಿಂಡಿನ ಮುಂದೆ ಹೋಗುತ್ತಿದ್ದಾನೆ. ಏಪ್ರಿಲಿನಲ್ಲಿ ನಾವು ಬಯಲು ಬಿಟ್ಟು ಕಡಲ ಕಡೆಗೆ ಸಾರಂಗಗಳನ್ನು ಹೊಡೆದುಕೊಂಡು ಹೋಗುವಾಗ, ಮುಂದಾಳು ಸಾರಂಗವನ್ನು ತನ್ನ ಗಾಡಿಯ ಹಿಂದೆ ಹಗ್ಗದಲ್ಲಿ ಕಟ್ಟಿ ಮೊದಲು ಹೊರಡುವವನು ಅವನು. ಹಿಂಡು ಅದನ್ನು ಹಿಂಬಾಲಿಸುತ್ತದೆ. ಯಾವ ಕೆರೆಯ ಮಂಜುಗಡ್ಡೆ ಎಲ್ಲಿ ತೆಳು, ಯಾವ ತೊರೆ ಒಳಗೊಳಗೇ ಬಿಟ್ಟುಕೊಂಡಿದೆ ಎಂದು ಅವನು ನೋಡಿ ಹೇಳಬೇಕು. ಅವನಿಗೆ ಹೆಂಡತಿ ಮಕ್ಕಳಿಲ್ಲ. ನಮ್ಮ ಮನೆಯ ಅಂಗಳದಾಚೆಗಿನ ಚಿಕ್ಕ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಮುಂದೆ ಹೋಗುವವನು ಎನ್ನುವುದು ಬಿಟ್ಟರೆ ಊರಿಗೆ ಅವನನ್ನು ಕರೆಯಲು ಬೇರೆ ಹೆಸರಿಲ್ಲ. ಮರೆವು ಹತ್ತಿದವನ ಹಿಂದೆ ಯಾರೂ ಹಿಂಡನ್ನು ಮಂಜುಗಡ್ಡೆಯ ಮೇಲೆ ಬಿಡುವುದಿಲ್ಲ. ನನ್ನ ಒಂದು ಮಾತು ಎಲ್ಲಿಗೆ ಹೋಗಿ ನಿಲ್ಲಬಹುದೆಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ.

ಅವನು ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಶೆಡ್ಡಿಗೆ ಬಂದು ಎಂಜಿನ್ ನೋಡಲೂ ಇಲ್ಲ. ನೋಡಿದ್ದರೆ ಅರೆಗಳಿಗೆಯಲ್ಲಿ ತಿಳಿದುಬಿಡುತ್ತಿತ್ತು. ನಾನು ಹೊಸ ಪಿಸ್ಟನ್ ಹಾಕಿ, ಅದೇ ರಬ್ಬರನ್ನು ಮತ್ತೆ ಕೂಡಿಸಿ, ಶೆಡ್ಡಿನಲ್ಲೇ ಓಡಿಸಿ ನೋಡಿದೆ. ಗಡಿಯಾರದಂತೆ ಓಡಿತು.

ಫೆಬ್ರವರಿಯಲ್ಲಿ ಅದೇ ಏರಿನಲ್ಲಿ ಮತ್ತೆ ನಿಂತಿತು. ಈ ಸಲ ಅದು ಊರು ಬಿಡುವಾಗಲೇ ನೀಲಿ ಹೊಗೆ ಬಿಡುತ್ತಿದ್ದುದನ್ನು ಅಮ್ಮ ಕಿಟಕಿಯಿಂದ ನೋಡಿದ್ದಳು. ಮತ್ತೆ ಎಡಗಡೆಯದೇ. ನಾನೊಬ್ಬಳೇ ಬಿಚ್ಚಿದೆ, ನಾನೊಬ್ಬಳೇ ನೋಡಿದೆ. ಈ ಸಲ ಯಾರೂ ಕಾರಣ ಕೇಳಲಿಲ್ಲ. ಯಾರೂ ಕೇಳದ್ದರಿಂದ ನಾನು ಸುಳ್ಳು ಹೇಳಿಲ್ಲ ಎಂದುಕೊಂಡೆ.

ಎರಡು ದಿನ ಬಿಟ್ಟು ಆಂದರಸ ನಮ್ಮ ಅಡುಗೆಮನೆಗೆ ಬಂದ. ಅಮ್ಮ ಕಾಫಿ ಬಗ್ಗಿಸಿದಳು. ಮಾವ ನಮ್ಮ ಕಡೆಯ ರೂಢಿಯಂತೆ ಚೀಸಿನ ಚೂರುಗಳನ್ನು ಕಾಫಿಯೊಳಗೆ ಬಿಟ್ಟು, ಅವು ಮೆತ್ತಗಾಗುವುದನ್ನೇ ನೋಡುತ್ತ ಕೂತಿದ್ದ.

"ಈ ಸಲ ಮಾಹ್ತೆ ಮುಂದೆ ಹೋಗ್ಲಿ ಅಂತಿದೀನಿ ಯೋವ್ನಾ."

"ಆಗ್ಲಿ."

"ನೀನು ಜೊತೇಲಿರು. ದಾರಿ ನಿನಗೇ ಗೊತ್ತಿರೋದು."

"ದಾರಿ ಏನು, ಎಲ್ರಿಗೂ ಗೊತ್ತಿರೋದೇ."

"ಅಲ್ಲ ಆಂದರಸ," ಅಮ್ಮನಿಗೆ ತಡೆಯಲಾಗಲಿಲ್ಲ, "ಹಳೇ ಗಾಡಿ ಎರಡು ಸಲ ಕೆಟ್ಟಿದ್ದಕ್ಕೆ ಮನುಷ್ಯನೇ ಕೆಟ್ಟುಹೋದನಾ? ನಿನ್ನ ಗಾಡಿ ಹೋದ ವರ್ಷ ಹೊಳೇಲಿ ಮುಳುಗ್ತಲ್ಲ, ಅವತ್ತು ನಿನ್ನ ತಲೆ ಎಲ್ಲಿತ್ತು?"

"ನೀರಲ್ಲಿತ್ತು ಕಣೆ ಗಾರೆನ್" ಎಂದ ಆಂದರಸ. ಯಾರೂ ನಗಲಿಲ್ಲ.

"ಬಿಡೇ" ಎಂದ ಮಾವ. ಆಮೇಲೆ ನನ್ನ ಕಡೆ ನೋಡದೆಯೇ, "ಗಾಡಿ ರಿಸ್ತೆನ್ ಇಟ್ಕೊಳ್ಳಲಿ. ಅವಳಿಗೆ ಅದರ ಮರ್ಮ ಗೊತ್ತು" ಎಂದ.

ಹೀಗೆ ಅದು ನನ್ನದಾಯಿತು. ಬೇಡ ಎನ್ನಲಿಲ್ಲ.

ಮೂರನೆಯ ಸಲ ಅದು ನಿಂತದ್ದು ನನ್ನ ಕೈಯಲ್ಲಿ. ಮಾರ್ಚ್ ನಡುವಿನ ಒಂದು ಮುಂಜಾನೆ, ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ. ಡಬ್ಬ ನನ್ನದು, ಪೆಟ್ರೋಲು ನಾನೇ ಅಳೆದದ್ದು, ಎಣ್ಣೆ ನಾನೇ ಬೆರೆಸಿದ್ದು. ಹೆಪ್ಪುಗಟ್ಟಿದ ಮೀನುಗೆರೆಯ ನಡುವೆ ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ತೆಳ್ಳಗಾಗಿ ಮೇಲೇರಿತು. ಆಕ್ಸಿಲರೇಟರಿನ ಹಿಡಿ ಬಿಡುವಷ್ಟರಲ್ಲಿ ಕಚ್ಚಿಕೊಂಡಿತು. ಗಾಡಿ ಅಡ್ಡ ಜಾರಿ ನಿಂತಿತು.

ಅಂಥ ಮೌನವನ್ನು ನಾನು ಮೊದಲು ಇಷ್ಟಪಡುತ್ತಿದ್ದೆ. ಊರಿಗೆ ಮರಳಿದ್ದೇ ಅದಕ್ಕಾಗಿ ಎಂದು ಗೆಳತಿಯರಿಗೆ ಪತ್ರ ಬರೆದದ್ದೂ ಉಂಟು. ಆ ದಿನ ಅದು ಯಾರೋ ಎದುರು ಕೂತು ನನ್ನ ಉತ್ತರಕ್ಕೆ ಕಾಯುತ್ತಿರುವಂತಿತ್ತು. ಮುಚ್ಚಳ ಎತ್ತಿದೆ. ಕಾರ್ಬೊರೇಟರಿನ ಕಡೆ ರಬ್ಬರು ಚಳಿಗೆ ಮರಗಟ್ಟಿತ್ತು. ಕೈಗವಸು ತೆಗೆದು ಅಡಿಗೆ ಬೆರಳು ಹಾಕಿದೆ. ನನ್ನ ಅಂಟು ಹಕ್ಕಳೆಯಂತೆ ಎದ್ದಿತ್ತು. ಬಿರುಕು ಅಕ್ಕಿಕಾಳು ತೂರುವಷ್ಟು ಬಾಯಿ ಬಿಟ್ಟಿತ್ತು.

ಶೆಡ್ಡಿನ ಬಿಸಿಯಲ್ಲಿ ಮುಚ್ಚುತ್ತಿದ್ದುದು ಇಲ್ಲಿ ತೆರೆಯುತ್ತಿತ್ತು. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದು. ಚಳಿಯಲ್ಲಿ ಕೆಟ್ಟದ್ದನ್ನು ಬೆಚ್ಚಗಿನ ಜಾಗಕ್ಕೆ ಎಳೆದು ತಂದು, ಕೈ ಬೆಚ್ಚಗೆ ಮಾಡಿಕೊಂಡು, ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತೇವೆ. ಆದರೆ ನನ್ನದು ಆ ತಪ್ಪಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಒಂದು ಗಂಟೆಯ ಮೇಲೆ ಮಾಹ್ತೆಯ ಗಾಡಿ ಕಂಡಿತು. ಬಯಲಿನಲ್ಲಿ ನಿಂತ ಗಾಡಿಯನ್ನು ಯಾರೂ ದಾಟಿಹೋಗುವುದಿಲ್ಲ.

"ಓಹೋ! ಡಾಕ್ಟ್ರಮ್ಮನೇ ರಸ್ತೇಲಿ ಕೂತಿದಾರೆ" ಎಂದು ಇಳಿದ. "ಬೆರಳೆಲ್ಲ ಹತ್ತೂ ಇದೆಯಾ? ಎಣಿಸ್ಕೊ."

"ಇದೆ."

"ಅದೇ ಕಾಯಿಲೆನಾ?"

"ಹೂಂ."

ಅವನು ಹಗ್ಗ ಬಿಚ್ಚುತ್ತ ಕೇಳಿದ, "ಟ್ಯಾಂಕು ಯಾರು ತುಂಬ್ಸಿದ್ದು?"

ನಾನು ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಕೊಂಡಿಗೆ ಹಾಕಿದೆ.

"ಮುದುಕನಾ?" ಅವನ ದನಿ ತಗ್ಗಿತು. "ಅಯ್ಯೋ. ಇನ್ನೂ ಡಬ್ಬ ಮುಟ್ತಾನಾ? ಯಾರಾದ್ರೂ ಹೇಳ್ಬೇಕಲ್ಲೇ ಅವನಿಗೆ."

ಊರು ಸೇರುವವರೆಗೂ ನಾನು ಅವನ ಬೆನ್ನನ್ನೇ ನೋಡುತ್ತ ಕೂತಿದ್ದೆ. ಕೂಗಿ ಹೇಳಬಹುದಿತ್ತು. ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡೆ.

ಸಂಜೆ ಆರಕ್ಕೆ ಮಾವ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬೇರೆಯವರ ಮನೆಗೆ ಬಂದವನಂತೆ ಬಾಗಿಲ ಬಳಿಯೇ ನಿಂತ.

"ಬೆರಳು ಚೆನ್ನಾಗಿದೆಯಾ ಮಗಳೇ?"

"ಚೆನ್ನಾಗಿದೆ ಮಾವ. ಬಾ, ಕೂತ್ಕೊ."

"ಇಲ್ಲ. ಮಾಹ್ತೆ ಹೇಳ್ದ." ಟೋಪಿಯನ್ನು ತಿರುಗಿಸಿದ. "ಮೊನ್ನೆ ನಿನ್ನ ಗಾಡಿ ಹತ್ರ ಬಂದಿದ್ದೆ ನಾನು. ಹಿಮ ಒರೆಸೋಕೆ. ಟ್ಯಾಂಕಿಗೆ ಏನಾದ್ರೂ ಸುರಿದ್ನೇನೋ ಅಂತ... ಬೆಳಗಿಂದ ಯೋಚ್ನೆ ಮಾಡ್ತಿದೀನಿ. ನೆನಪೇ ಆಗ್ತಿಲ್ಲ ಕಣೆ. ಸುರಿದೇ ಇರ್ಬೇಕು. ನಿನ್ನನ್ನ ಆ ಚಳೀಲಿ ನಿಲ್ಲಿಸ್ಬಿಟ್ಟೆ."

ಮಾಡದ ತಪ್ಪಿಗೆ ಅವನು ನನ್ನ ಕ್ಷಮೆ ಕೇಳುತ್ತಿದ್ದ. "ಅದೇನಿಲ್ಲ ಮಾವ" ಎಂದೆ. ಎಂಥ ಹೇಡಿ ಮಾತು ಅದು. ಏನಿಲ್ಲ ಎನ್ನುವುದು ಕ್ಷಮಿಸುವವರ ಮಾತು.

ಅವನ ಜೊತೆ ಅಂಗಳ ದಾಟಿದೆ. ಅವನ ಮನೆಯ ಜಗುಲಿಯಲ್ಲಿ ಐದು ಪೆಟ್ರೋಲ್ ಡಬ್ಬಗಳು ಸಾಲಾಗಿದ್ದವು. ಪ್ರತಿ ಡಬ್ಬದ ಹಿಡಿಗೂ ಕೆಂಪು ಉಣ್ಣೆದಾರ ಕಟ್ಟಿತ್ತು. ಒಂದೊಂದಕ್ಕೂ ಎರಡೆರಡು.

"ಇದೇನು?"

"ಎಣ್ಣೆ ಹಾಕಿದ ತಕ್ಷಣ ಒಂದು ದಾರ ಕಟ್ತೀನಿ. ಮರೆಯಬಾರದು ಅಂತ. ಜನವರಿಯಿಂದ."

"ಎರಡಿದೆಯಲ್ಲ?"

ಅವನು ನಾಚಿ ನಕ್ಕ. "ಮರುದಿನ ನೋಡಿದ್ರೆ ನಂಬಿಕೆ ಬರಲ್ಲ. ದಾರ ಕಟ್ಟಿ ಎಣ್ಣೆ ಮರೆತ್ನೇನೋ ಅಂತ. ಇನ್ನೊಂದು ಸಲ ಹಾಕ್ಬಿಡ್ತೀನಿ."

ಫೆಬ್ರವರಿಯ ನೀಲಿ ಹೊಗೆ ಆಗ ಅರ್ಥವಾಯಿತು. ಎಣ್ಣೆ ಹೆಚ್ಚಾದಷ್ಟೂ ಅದೇ ಹನಿಯಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ. ಮೊದಲೇ ಗಾಳಿ ಕುಡಿಯುತ್ತಿದ್ದ ಎಡಗಡೆಗೆ ಅದೂ ಸೇರಿತ್ತು. ಬಿರುಕು ನನ್ನದು. ಅದರ ಮೇಲೆ ಅವನು ಸುರಿದ ಎರಡು ಪಾಲು ಎಣ್ಣೆಯೂ ನನ್ನ ಮಾತಿನಿಂದ ಹುಟ್ಟಿದ್ದೇ. ಒಳಗೆ ಹೋಗಿ ಅವನು ಒಲೆಯ ಬಾಗಿಲು ಮುಚ್ಚಿದ. ಟೋಪಿ ಮೊಳೆಗೆ ಹಾಕಿದ. ಮತ್ತೆ ಹೋಗಿ ಒಲೆಯ ಬಾಗಿಲು ಮುಟ್ಟಿ ನೋಡಿದ.

ಅಲ್ಲೇ ಹೇಳಿಬಿಡಬಹುದಿತ್ತು. ಅವನೊಬ್ಬನಿಗೇ ಹೇಳಿದ್ದರೆ ಅವನು ಅದನ್ನು ಯಾರಿಗೂ ಹೇಳದೆ ತನ್ನೊಳಗೇ ಇಟ್ಟುಕೊಳ್ಳುತ್ತಿದ್ದ. ನನ್ನ ಮರ್ಯಾದೆ ಉಳಿಯುತ್ತಿತ್ತು. ಅವನು ಊರಿನ ಕಣ್ಣಿನಲ್ಲಿ ಮರೆಗುಳಿಯಾಗಿಯೇ ಉಳಿಯುತ್ತಿದ್ದ. ಆ ದಾರಿ ನನಗೆ ಎಷ್ಟು ಸ್ಪಷ್ಟವಾಗಿ, ಎಷ್ಟು ಹಿತವಾಗಿ ಕಂಡಿತೆಂದರೆ ನನಗೇ ಹೇಸಿಗೆಯಾಯಿತು. ಮನೆಗೆ ಬಂದು ರಬ್ಬರನ್ನು ಕಳಚಿ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ, ಚಳಿಯಲ್ಲಿ ಇಟ್ಟೆ.

ಭಾನುವಾರ ಆಂದರಸನ ಅಡುಗೆಮನೆಯಲ್ಲಿ ಕೂಟ ಸೇರಿತು. ವಲಸೆ ಯಾವ ದಿನ ಹೊರಡಬೇಕು, ಯಾರು ಎಲ್ಲಿ ಎಂದು ತೀರ್ಮಾನಿಸುವ ದಿನ. ಅಮ್ಮ ಮಾಂಸದ ಸಾರು ಕುದಿಸುತ್ತಿದ್ದಳು. ಮಾಹ್ತೆ ಮೂಳೆ ಒಡೆದು ಮಜ್ಜೆ ಹೀರುತ್ತಿದ್ದ. ಮಾವ ಬೆಂಚಿನ ತುದಿಯಲ್ಲಿದ್ದ.

ನಾನು ರಬ್ಬರನ್ನು ಹೊರಗಿನಿಂದ ತಂದು, ಹಾಗೇ ತಣ್ಣಗಿರುವಾಗಲೇ ಮೇಜಿನ ಮೇಲಿಟ್ಟೆ.

"ಇದೇನೇ, ಸಾರಿಗೆ ಹಾಕೋದಾ?" ಎಂದ ಮಾಹ್ತೆ.

"ಅಡಿಗೆ ಬೆರಳು ಹಾಕಿ ನೋಡು."

ನೋಡಿದ. ನಗು ಇಳಿಯಿತು. "ಬಾಯಿ ಬಿಟ್ಟಿದೆಯಲ್ಲ! ಇದ್ಯಾವ ಕಡೇದು?"

"ಎಡಗಡೆದು. ಮೂರು ಸಲಾನೂ ಎಡಗಡೆದೇ ಸುಟ್ಟಿದ್ದು. ಬಲಗಡೆದು ಒಂದು ಸಲಾನೂ ಸುಟ್ಟಿಲ್ಲ." ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. "ಸೆಪ್ಟೆಂಬರಲ್ಲೇ ಬಿರುಕು ನೋಡಿದ್ದೆ. ಅಂಟು ಹಚ್ಚಿ ಕೂಡಿಸ್ದೆ. ಯಾರಿಗೂ ಹೇಳ್ಲಿಲ್ಲ. ಮಾವ ಒಂದು ಸಲಾನೂ ಎಣ್ಣೆ ಮರೆತಿಲ್ಲ. ಮೊನ್ನೆ ಟ್ಯಾಂಕು ತುಂಬ್ಸಿದ್ದು ನಾನೇ."

"ಅಂಟು?" ಮಾಹ್ತೆ ಆಂದರಸನ ಕಡೆ ನೋಡಿದ. "ಆರು ವರ್ಷ ಓದಿ ಬಂದು ಅಂಟು ಹಚ್ಚಿದ್ಯಾ?"

ರಬ್ಬರು ಕೈಯಿಂದ ಕೈಗೆ ಹೋಯಿತು. ಆಂದರಸನ ಕೈ ಸೇರುವಷ್ಟರಲ್ಲಿ ಒಲೆಯ ಬಿಸಿಗೆ ಮೆತ್ತಗಾಗಿ ಬಿರುಕು ಮುಚ್ಚಿಕೊಳ್ಳುತ್ತಿತ್ತು. ಅವನು ಅದನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ನಿನಗೆ ಯಾವಾಗ ಗೊತ್ತಾಯ್ತು?"

ಕೆರೆಯ ಮೇಲೆ, ಮೊನ್ನೆ, ಎಂದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು. ಅದರಲ್ಲಿ ಅರ್ಧ ನಿಜವೂ ಇತ್ತು.

"ಜನವರೀಲೇ ಅನುಮಾನ ಬಂದಿತ್ತು. ಮೊದಲನೇ ದಿನವೇ."

ಅಮ್ಮ ಸೌಟು ಕೆಳಗಿಟ್ಟಳು. ಮಾಹ್ತೆ ಮೂಳೆಯನ್ನು ತಟ್ಟೆಗೆ ಹಾಕಿದ. ಅವನು ಬೈದಿದ್ದರೆ ಹಗುರವಾಗುತ್ತಿತ್ತು.

ಮಾವ ಕೈ ಚಾಚಿ ರಬ್ಬರನ್ನು ತೆಗೆದುಕೊಂಡ. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದ.

"ಬಲಗಡೆದು ಚೆನ್ನಾಗಿತ್ತಾ?" ಎಂದು ಕೇಳಿದ.

"ಹೂಂ."

"ಮೊದಲನೇ ಸಲಾನೂ?"

"ಹೂಂ ಮಾವ."

ಅವನು ತಲೆಯಾಡಿಸಿದ. "ನಾನು ಒಳಗೆ ಬಂದು ನೋಡ್ಬೇಕಿತ್ತು" ಎಂದ. "ನಾಚ್ಕೆ ಆಯ್ತು. ಬರ್ಲಿಲ್ಲ."

ಆಂದರಸ ಗಂಟಲು ಸರಿಮಾಡಿಕೊಂಡು, ಹಾಗಾದರೆ ಎಂದಿನಂತೆ ಯೋವ್ನಾನೇ ಮುಂದೆ ಹೋಗಲಿ ಎಂದ. ಮಾಹ್ತೆ ಕೂಡಲೇ, "ನನಗೂ ಅದೇ ಬೇಕಿತ್ತು. ಆ ತೊರೆಗಳ ಹತ್ರ ನನ್ನ ಜೋರೆಲ್ಲ ಇಳಿದುಹೋಗುತ್ತೆ" ಎಂದ. ಮಾವ ರಬ್ಬರನ್ನು ಮೇಜಿನ ಮೇಲಿಟ್ಟು ಚಮಚ ಎತ್ತಿಕೊಂಡ. ಸಾರು ತಣ್ಣಗಾಗುವವರೆಗೆ ಊಟ ನಡೆಯಿತು.

ಹೊಸ ರಬ್ಬರು ಬಂತು. ಎಂಜಿನ್ನನ್ನು ಈ ಸಲ ಅಂಗಳದಲ್ಲೇ, ಹಿಮದ ಮೇಲೆ, ರಾತ್ರಿಯೆಲ್ಲ ಚಳಿಗೆ ಬಿಟ್ಟು ಬೆಳಗ್ಗೆ ಓಡಿಸಿ ನೋಡಿದೆವು. ಗಾಳಿ ನುಸುಳುತ್ತಿದೆಯೋ ಎಂದು ತಿಳಿಯಲು ರಬ್ಬರಿನ ಸುತ್ತ ಎಣ್ಣೆ ಸಿಂಪಡಿಸಿ ದನಿ ಬದಲಾಗುತ್ತದೆಯೇ ಎಂದು ಇಬ್ಬರೂ ಕಿವಿಗೊಟ್ಟು ನಿಂತೆವು. ಬದಲಾಗಲಿಲ್ಲ. ಗಾಡಿಯನ್ನು ಅವನಿಗೇ ಮರಳಿಸಿದೆ.

ಏಪ್ರಿಲಿನಲ್ಲಿ ಹೊರಟೆವು. ಹಿಮದ ಮೇಲ್ಪದರ ಇನ್ನೂ ಗಟ್ಟಿಯಾಗಿದ್ದ ಮುಂಜಾನೆ, ಹಿಂಡು ಹಿಂದೆ ಉಸಿರಿನ ಮೋಡವಾಗಿ ನಿಂತಿತ್ತು. ಮುಂದಾಳು ಸಾರಂಗವನ್ನು ಮಾವ ತನ್ನ ಗಾಡಿಯ ಹಿಂದೆ ಕಟ್ಟಿದ. ಅವನ ಪಕ್ಕದಲ್ಲೇ ಸಾಮಾನಿನ ಗಾಡಿ ನನ್ನದು. ಕಟ್ಟಿ ಮುಗಿಸಿ ಅವನು ನನ್ನ ಬಳಿ ಬಂದ.

"ನನ್ನನ್ನ ನೋಡ್ಕೊಂಡಿರು" ಎಂದ. "ಏನಾದ್ರೂ ಮರೆತದ್ದು ಕಂಡ್ರೆ ಹೇಳು."

"ನೀನು ಏನೂ ಮರೆಯಲ್ಲ ಮಾವ."

"ಅದನ್ನ ನೀನು ಹೇಳ್ಬೇಡ."

ಸಿಟ್ಟಿನಿಂದ ಹೇಳಲಿಲ್ಲ. ಕನ್ನಡಕ ಕಣ್ಣಿಗೆಳೆದುಕೊಂಡು ಗಾಡಿ ಹತ್ತಿದ.

ಮೊದಲ ಕೆರೆ ದಾಟುವ ಮೊದಲು ಅವನು ಗಾಡಿ ನಿಲ್ಲಿಸಿ, ಇಳಿದು, ಸಾರಂಗದ ಹಗ್ಗದ ಗಂಟನ್ನು ಎಳೆದು ನೋಡಿದ. ಎರಡನೆಯ ಕೆರೆಯ ಬಳಿಯೂ ನೋಡಿದ. ಪ್ರತಿಸಲವೂ ಹಿಂದೆ ಇಡೀ ಹಿಂಡು ನಿಂತಿತು. ದೂರದಲ್ಲಿ ಮಾಹ್ತೆ ಕೈಯೆತ್ತಿ ಏನಾಯಿತೆಂದು ಕೇಳಿದ. ಇಪ್ಪತ್ತೆರಡು ವರ್ಷ ಆ ಗಂಟನ್ನು ಅವನು ತಿರುಗಿ ನೋಡಿದವನಲ್ಲ. ಮೂರನೆಯ ಸಲ ನಿಲ್ಲಿಸಿದಾಗ ನಾನೂ ಇಳಿದು ಹೋದೆ. ಕೈಗವಸು ತೆಗೆದು, ಅವನ ಕೈಯ ಪಕ್ಕದಲ್ಲಿ ನನ್ನ ಕೈಯಿಟ್ಟು, ಗಂಟನ್ನು ಎಳೆದು ನೋಡಿದೆ.

"ಬಿಗಿ ಇದೆಯಾ?" ಎಂದು ಕೇಳಿದ.

"ಇದೆ."

ಅವನು ಇನ್ನೊಂದು ಸಲ ಎಳೆದು ನೋಡಿ, ಗಾಡಿ ಹತ್ತಿದ.